ಗಣಕಯಂತ್ರವೂ ಗೃಹಸ್ಥನ ಲೆಕ್ಕವೂ



ಗಣಕಯಂತ್ರವೆಂದೊಡನೆ ಅನೇಕರ ಮನಸ್ಸಿಗೆ ಬರುವುದು ಬೆಂಗಳೂರಿನ ಗಾಜಿನ ಸೌಧಗಳು, ಅವುಗಳೊಳಗೆ ಹಗಲಿರುಳೆನ್ನದೆ ದುಡಿಯುವ ತರುಣರು, ಅವರು ಪರದೇಶಗಳಿಂದ ಗಳಿಸಿ ತರುವ ದ್ರವ್ಯ. ಅಮೆರಿಕೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದುದು ಮೊದಲಾಗಿ ಆ ಕಥೆಯನ್ನು ಬಹುಜನರು ಬಲ್ಲರು. ಆದರೆ ರೈತನ ಹೊಸ್ತಿಲಿಗೂ ಅಂಗಡಿಕಾರನ ಗಾದಿಗೂ ಈ ಯಂತ್ರವು ಬಂದು ಮುಟ್ಟಿದ ಬಗೆಯೇ ಬೇರೆ. ಅದು ಅಲ್ಲಿಗೆ ಬಂದುದು ಲೆಕ್ಕದ ರೂಪದಿಂದ. ಹೊಲದ ಲೆಕ್ಕ, ಮಾಲಿನ ಲೆಕ್ಕ, ಹಣದ ಲೆಕ್ಕ ಇವು ಮೂರೂ ಈಗ ಕಾಗದವನ್ನು ಬಿಟ್ಟು ಯಂತ್ರವನ್ನು ಹೊಕ್ಕಿರುವುವು. ಈ ಭಾಷಣದ ವಿಷಯವು ಅಷ್ಟೇ.

ಯಂತ್ರದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬಹುದು. ಅದು ಎಣಿಕೆಯ ಯಂತ್ರ. ಸೊನ್ನೆ, ಒಂದು ಎಂಬ ಎರಡೇ ಅಂಕಿಗಳ ಸಾಲುಗಳಿಂದ ಅಕ್ಷರವನ್ನೂ ಚಿತ್ರವನ್ನೂ ಧ್ವನಿಯನ್ನೂ ಅದು ಬರೆದಿಟ್ಟುಕೊಳ್ಳುವುದು. ಇಂತಹ ಯಂತ್ರಗಳು ಒಂದಕ್ಕೊಂದು ಮಾತನಾಡುವಂತೆ ಮಾಡಿದ ಏರ್ಪಾಡೇ ಅಂತರಜಾಲ. 1969ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಎರಡು ಸಂಸ್ಥೆಗಳ ನಡುವೆ ಮೊದಲ ಸಂದೇಶವು ಹಾದುಹೋಯಿತು. ಭರತಖಂಡದ ಸಾಮಾನ್ಯ ಜನರಿಗೆ ಈ ಸೌಕರ್ಯವು 1995ನೆಯ ಇಸವಿಯ ಆಗಸ್ಟ್ 15ರಂದು ತೆರೆಯಲ್ಪಟ್ಟಿತು. ಇಂದು ಇದೇ ಯಂತ್ರವು ಅಂಗೈಯೊಳಗಿನ ದೂರವಾಣಿಯಾಗಿ ಕುರುಬರ ಹುಡುಗನ ಹೆಗಲ ಚೀಲದಲ್ಲಿಯೂ ಇರುವುದು.

ಮೊದಲು ಹೊಲದ ವಿಷಯ. ಹಳೆಯ ಮೈಸೂರು ಸೀಮೆಯಲ್ಲಿ ಶಾನುಭೋಗನೂ ಉತ್ತರದ ಜಿಲ್ಲೆಗಳಲ್ಲಿ ಕುಲಕರ್ಣಿಯೂ ಊರಿನ ಭೂಮಿಯ ಲೆಕ್ಕವನ್ನು ಇಟ್ಟುಕೊಂಡಿದ್ದರೆಂಬುದನ್ನು ಹಿರಿಯರು ಬಲ್ಲರು. ಅವರಲ್ಲಿ ಸತ್ಯಸಂಧರು ಬಹುಮಂದಿ ಇದ್ದರು. ಆದರೆ ದಫ್ತರವು ಒಬ್ಬನ ಪೆಟ್ಟಿಗೆಯಲ್ಲಿ, ಬೀಗವು ಅವನ ಉಡಿಯಲ್ಲಿ ಇರುತ್ತಿರಲು, ಓದುಬಾರದ ರೈತನಿಗೆ ತನ್ನ ಹೊಲವು ತನ್ನದೆಂಬುದಕ್ಕೆ ಅವನ ಮಾತೇ ಆಧಾರವಾಗಿದ್ದಿತು. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದವು. ಅವುಗಳ ಸ್ಥಾನದಲ್ಲಿ ಸರಕಾರದ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಜನರು ಬದಲಾದರು, ಪೆಟ್ಟಿಗೆ ಬದಲಾಗಲಿಲ್ಲ. ಪಹಣಿಯ ಒಂದು ನಕಲು ಬೇಕಾದವನು ಲೆಕ್ಕಿಗನ ಮನೆಗೆ ಹೋಗಬೇಕು. ಅವನು ಸಂತೆಗೆ ಹೋಗಿದ್ದರೆ ಮರುದಿನ ಹೋಗಬೇಕು. ಕೈ ಬೆಚ್ಚಗೆ ಮಾಡಿದಲ್ಲದೆ ಲೇಖಣಿ ಓಡದ ಊರುಗಳೂ ಇದ್ದುವು.

ಕರ್ನಾಟಕ ಸರಕಾರದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯಿಂದ ಈ ಪೆಟ್ಟಿಗೆಯನ್ನು ಒಡೆಯಿತು. 2000ದ ಸುಮಾರಿನಲ್ಲಿ ಕೆಲಸವು ಭರದಿಂದ ಸಾಗಿ, ಮುಂದಿನ ಒಂದೆರಡು ವರ್ಷಗಳಲ್ಲಿ ನಾಡಿನ ತಾಲೂಕುಗಳಿಗೆಲ್ಲ ಹರಡಿತು. ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ದಾಖಲೆಗಳು ಯಂತ್ರಕ್ಕೆ ಏರಿದುವು. ಅವು ಸುಮಾರು 67 ಲಕ್ಷ ಭೂಮಾಲಿಕರಿಗೆ ಸಂಬಂಧಪಟ್ಟವು. ತಾಲೂಕು ಕಚೇರಿಯ ಕಿಟಕಿಯಲ್ಲಿ ಅಂದಿನ ದರದಂತೆ 15 ರೂಪಾಯಿ ಕೊಟ್ಟು, ಸರ್ವೆ ನಂಬರನ್ನು ಹೇಳಿದವನಿಗೆ ಅಲ್ಲಿಯೇ ಅಚ್ಚಾದ ಪಹಣಿಯು ದೊರೆಯತೊಡಗಿತು. ಇದು ಯಾರದು, ಏತಕ್ಕೆ ಬೇಕು ಎಂದು ಕೇಳುವವರಿಲ್ಲ. ಆ ಕಿಟಕಿಯಲ್ಲಿ ಇನ್ನೊಂದು ಸಣ್ಣ ಏರ್ಪಾಡು ಇದ್ದಿತು. ಯಂತ್ರದ ಒಂದು ತೆರೆಯು ಗುಮಾಸ್ತನ ಕಡೆಗಿದ್ದರೆ, ಮತ್ತೊಂದು ತೆರೆಯು ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿದ್ದಿತು. ಗುಮಾಸ್ತನು ಕಾಣುವುದನ್ನೇ ರೈತನೂ ಕಾಣಬಹುದಾಗಿದ್ದಿತು. ಈ ಯೋಜನೆಯ ಇತರ ಎಲ್ಲ ಚಮತ್ಕಾರಗಳಿಗಿಂತ ಈ ಎರಡನೆಯ ತೆರೆಯೇ ಮಿಗಿಲಾದುದೆಂದು ಹೇಳಿದರೆ ತಪ್ಪಾಗಲಾರದು.

ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿಯ ನಿಯಮವು ಬಂದಿತು; ಮೊದಲು ಬಂದ ಅರ್ಜಿಯನ್ನು ಹಿಂದಿಟ್ಟು ತನಗೆ ಬೇಕಾದವನ ಅರ್ಜಿಯನ್ನು ಮುಂದೆ ತೆಗೆದುಕೊಳ್ಳುವ ಸ್ವಾತಂತ್ರ್ಯವು ಅಧಿಕಾರಿಗೆ ಉಳಿಯಲಿಲ್ಲ. ದಾಖಲೆಯನ್ನು ತಿದ್ದುವ ನೌಕರನು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಕೊಟ್ಟೇ ಒಳಹೋಗಬೇಕಾದುದರಿಂದ, ಯಾರು ಯಾವಾಗ ಏನು ಮಾಡಿದರೆಂಬುದು ನಿಂತುಬಿಡುವುದು. ಆ ಬಳಿಕ ಪಹಣಿಯು ತಾಲೂಕಿನ ಕಿಟಕಿಯನ್ನೂ ದಾಟಿ ಅಂತರಜಾಲಕ್ಕೆ ಬಂದಿದೆ. ಬೀದರದ ಹೊಲವುಳ್ಳವನು ಮುಂಬಯಿಯಲ್ಲಿ ಕುಳಿತು ತನ್ನ ಪಹಣಿಯನ್ನು ನೋಡಬಲ್ಲನು.

ಇಷ್ಟನ್ನು ಕೇಳಿ, ಇನ್ನು ಭಯವಿಲ್ಲವೆಂದು ಮಲಗಿದವನು ಕೆಡುವನು. ಏತಕ್ಕೆಂದರೆ ಯಂತ್ರಕ್ಕೆ ಸತ್ಯಾಸತ್ಯ ವಿವೇಚನೆಯಿಲ್ಲ. ಹಳೆಯ ಪುಸ್ತಕದಲ್ಲಿ ‘ಬಸಪ್ಪ’ ಎಂದಿದ್ದುದನ್ನು ನಕಲು ಮಾಡುವವನು ‘ಬಸವ್ವ’ ಎಂದು ಒತ್ತಿದರೆ, ಯಂತ್ರವು ಬಸವ್ವನ ಹೆಸರನ್ನೇ ಭಕ್ತಿಯಿಂದ ಕಾಪಾಡಿಕೊಂಡು ಬರುವುದು. 3 ಎಕರೆ 20 ಗುಂಟೆಯು 2 ಎಕರೆ 30 ಗುಂಟೆಯಾಗಿ ಬಿದ್ದರೆ, ಮೂವತ್ತು ಗುಂಟೆ ಎಲ್ಲಿ ಹೋಯಿತೆಂದು ಅದು ಕೇಳುವುದಿಲ್ಲ. ಕೈಬರಹದ ಕಾಲದಲ್ಲಿ ಒಂದು ತಪ್ಪು ಒಂದು ಪುಸ್ತಕದಲ್ಲಿರುತ್ತಿದ್ದಿತು. ಈಗ ಅದೇ ತಪ್ಪು ಸಾಲ ಕೊಡುವ ಬ್ಯಾಂಕಿಗೂ, ಬೆಳೆವಿಮೆಯ ಕಚೇರಿಗೂ, ಪರಿಹಾರ ಕೊಡುವ ಸರಕಾರಕ್ಕೂ ಏಕಕಾಲದಲ್ಲಿ ಹೋಗಿ ಮುಟ್ಟುವುದು. ತಿದ್ದಿಸುವುದಕ್ಕೆ ತಹಸೀಲದಾರರ ಕಚೇರಿಯಲ್ಲಿ ದಾರಿಯಿದೆ, ಆದರೆ ತಪ್ಪಾಗಿದೆಯೆಂದು ಮೊದಲು ತಿಳಿಯಬೇಕಷ್ಟೆ. ಆ ತಿಳಿವಳಿಕೆಯು ಯಂತ್ರದಿಂದ ಬರತಕ್ಕುದಲ್ಲ, ಒಡೆಯನ ಕಣ್ಣಿನಿಂದ ಬರತಕ್ಕುದು.

ಆದುದರಿಂದ ಪಹಣಿಯನ್ನು ಪಡೆದು ಮಡಚಿ ಪೆಟ್ಟಿಗೆಯಲ್ಲಿಡುವುದಕ್ಕೆ ಮುಂಚೆ ಓದಬೇಕು. ಒಂಬತ್ತನೆಯ ಕಾಲಮಿನಲ್ಲಿ ಸ್ವಾಧೀನದಾರನ ಹೆಸರು, ಹತ್ತರಲ್ಲಿ ಅದು ಅವನಿಗೆ ಬಂದ ಬಗೆ, ಹನ್ನೊಂದರಲ್ಲಿ ಇತರರ ಹಕ್ಕುಗಳು ಮತ್ತು ಋಣಗಳು, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ಸಾಲವನ್ನು ತೀರಿಸಿ ವರ್ಷಗಳು ಕಳೆದರೂ ಹನ್ನೊಂದನೆಯ ಕಾಲಮಿನಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಕುಳಿತಿರುವುದುಂಟು. ತೊಗರಿ ಬಿತ್ತಿದ ಹೊಲದಲ್ಲಿ ಬೇರೆ ಬೆಳೆಯ ಹೆಸರು ಬಿದ್ದರೆ, ಮಳೆ ಹೋದ ವರ್ಷ ವಿಮೆಯ ಹಣವು ಬರುವ ಹೊತ್ತಿಗೆ ತಕರಾರು ಏಳುವುದು.

ಇನ್ನೂ ದೊಡ್ಡ ಸಂಗತಿಯೊಂದಿದೆ. ಮನೆಯ ಹಿರಿಯನು ಲಿಂಗೈಕ್ಯನಾದ ಬಳಿಕ ವರ್ಷಾನುಗಟ್ಟಲೆ ಭೂಮಿಯು ಅವನ ಹೆಸರಿನಲ್ಲಿಯೇ ನಿಂತಿರುವುದು ಅನೇಕ ಕುಟುಂಬಗಳಲ್ಲಿ ರೂಢಿ. ಅಣ್ಣತಮ್ಮಂದಿರು ಒಂದಾಗಿ ಉಣ್ಣುವ ತನಕ ಇದರಿಂದ ತೊಂದರೆ ಕಾಣುವುದಿಲ್ಲ. ಮರಣದ ದಾಖಲೆ, ವಂಶವೃಕ್ಷ ಮುಂತಾದವುಗಳೊಡನೆ ವಾರಸುದಾರರು ಅರ್ಜಿ ಮಾಡಿ ಪೌತಿ ಖಾತೆಯನ್ನು ಮಾಡಿಸಿಕೊಳ್ಳುವವರೆಗೆ, ಎಂತಹ ಹೊಸ ಯಂತ್ರವಾದರೂ ಮೃತನನ್ನೇ ಒಡೆಯನೆಂದು ತೋರಿಸುತ್ತಿರುವುದು. ಹೆಣ್ಣುಮಕ್ಕಳ ಹೆಸರು ಆ ವಂಶವೃಕ್ಷದಲ್ಲಿ ಬಿಟ್ಟುಹೋಗಬಾರದೆಂಬುದನ್ನು ಇಲ್ಲಿಯೇ ಹೇಳಬೇಕಾಗಿದೆ. ತವರಿನ ಹಿತಕ್ಕಾಗಿ ಬಿಟ್ಟೆವೆಂದು ಹೇಳುವವರು, ಅವಳನ್ನು ಕೇಳಿ ಬಿಟ್ಟರೋ ಕೇಳದೆ ಬಿಟ್ಟರೋ ಎಂಬುದನ್ನು ಹೇಳುವುದಿಲ್ಲ. ಬಿಟ್ಟ ಹೆಸರನ್ನು ಯಂತ್ರವು ತಾನಾಗಿ ತುಂಬಿಕೊಡಲಾರದು.

ಇನ್ನು ಪೇಟೆ. ಹಿಂದೆ ಕೆಲವು ಪೇಟೆಗಳಲ್ಲಿ ದಲಾಲರು ವಸ್ತ್ರದ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆಯನ್ನು ಕಟ್ಟುತ್ತಿದ್ದರು. ಮಾಲಿನ ಒಡೆಯನು ಪಕ್ಕದಲ್ಲಿ ನಿಂತು ಆ ವಸ್ತ್ರವನ್ನು ನೋಡುತ್ತಿದ್ದನು. ಕೃಷಿ ಉತ್ಪನ್ನ ಮಾರುಕಟ್ಟೆಯ ಕಾಯಿದೆಗಳು ಆ ಪದ್ಧತಿಯನ್ನು ತಡೆದುವು. ಕರ್ನಾಟಕದಲ್ಲಿ 2014ರಿಂದ ಗಣಕಯಂತ್ರದ ಮೂಲಕ ಹರಾಜು ನಡೆಯತೊಡಗಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರಕಾರವು ಇಡೀ ದೇಶಕ್ಕಾಗಿ ಇಂತಹದೇ ‘ಇ-ನಾಮ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಪೇಟೆಯ ಬಾಗಿಲಲ್ಲಿ ಮಾಲಿನ ರಾಶಿಗೆ ಒಂದು ಸಂಖ್ಯೆ ಬೀಳುವುದು. ವರ್ತಕರು ಒಬ್ಬರ ಬೆಲೆಯನ್ನೊಬ್ಬರು ಅರಿಯದಂತೆ ಯಂತ್ರದಲ್ಲಿ ಬೆಲೆಯನ್ನು ಬರೆಯುವರು. ಗೊತ್ತಾದ ವೇಳೆಗೆ ಹೆಚ್ಚಿನ ಬೆಲೆಯು ಪ್ರಕಟವಾಗುವುದು. ಒಪ್ಪದಿದ್ದರೆ ರೈತನು ಮಾಲನ್ನು ಕೊಡದಿರಬಹುದು. ಅಡತಿಯವರೊಡನೆ ಇರುವ ಹಳೆಯ ಸಾಲದ ಬಂಧನವು ಇದರಿಂದ ಹರಿಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಮುಂಗಡ ತಂದವನು ಇಂದಿಗೂ ಮುಂಗಡ ಕೊಟ್ಟವನ ಅಂಗಡಿಗೇ ಮಾಲನ್ನು ಒಯ್ಯುವನು. ಆದರೆ ಇಂದಿನ ಬೆಲೆಯೇನೆಂಬುದು ಯಾರ ವಸ್ತ್ರದ ಮರೆಯಲ್ಲಿಯೂ ಇಲ್ಲ.

ಅಂಗಡಿಯ ಕಿರ್ದಿ ಖತಾವಣಿಗಳು ಯಂತ್ರಕ್ಕೆ ಹೋದುದನ್ನು ವಿಸ್ತರಿಸಬೇಕಾದುದಿಲ್ಲ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಮೇಲೆ ಲೆಕ್ಕಪತ್ರವನ್ನು ಅಂತರಜಾಲದ ಮೂಲಕವೇ ಒಪ್ಪಿಸಬೇಕಾಗಿರುವುದರಿಂದ, ನೋಂದಣಿಯಾದ ವರ್ತಕನಿಗೆ ಬೇರೆ ಮಾರ್ಗವಿಲ್ಲ. ಹಾಗೆಯೇ ರೈಲಿನ ಟಿಕೀಟು, ದೀಪದ ಬಿಲ್ಲು, ಮಕ್ಕಳ ಪರೀಕ್ಷೆಯ ಫಲಿತಾಂಶ ಇವೆಲ್ಲ ಮನೆಯಿಂದಲೇ ಆಗುತ್ತಿರುವುವು. ದೂರದೇಶಕ್ಕೆ ಹೋದ ಮಗನ ಮುಖವನ್ನು ತಾಯಿಯು ದಿನವೂ ಕಂಡು ಮಾತನಾಡುವಳು. ಇದೊಂದನ್ನು ಮಾತ್ರ ಯಾರೂ ವ್ಯಾಪಾರದ ಲೆಕ್ಕಕ್ಕೆ ಸೇರಿಸಲಾರರು.

ಹಣದ ವಿಷಯದಲ್ಲಿ ಆದ ಬದಲಾವಣೆಯು ಎಲ್ಲಕ್ಕಿಂತ ವೇಗವಾದುದು. ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಹೊರತಂದ ಯುಪಿಐ ಎಂಬ ಪದ್ಧತಿಯಿಂದ, ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದು ಬ್ಯಾಂಕಿನ ಖಾತೆಗೆ ಕ್ಷಣಮಾತ್ರದಲ್ಲಿ ಹಣವು ಹೋಗುವುದು. ಎಳನೀರು ಮಾರುವವನೂ ಒಂದು ಕ್ಯೂಆರ್ ಚಿತ್ರವನ್ನು ಗಾಡಿಗೆ ಅಂಟಿಸಿಕೊಂಡಿರುವನು. ಹಣ ಬಂದುದನ್ನು ಒಂದು ಪುಟ್ಟ ಪೆಟ್ಟಿಗೆಯು ಕೂಗಿ ಹೇಳುವುದು. ಚಿಲ್ಲರೆಯ ಜಗಳವು ತಪ್ಪಿತು. ಆದರೆ ಕೈಯಿಂದ ಎಣಿಸಿ ಕೊಡುವಾಗ ಮನಸ್ಸಿಗೆ ಆಗುತ್ತಿದ್ದ ತಡೆಯೂ ತಪ್ಪಿತು. ಹತ್ತರ ನೋಟು ಕೈಬಿಡುವಾಗ ಎರಡು ಬಾರಿ ಯೋಚಿಸುತ್ತಿದ್ದವನು, ಬೆರಳೊತ್ತಿ ಐನೂರನ್ನು ಕಳೆಯುವಾಗ ಯೋಚಿಸುವುದಿಲ್ಲ. ಮನೆಯಲ್ಲಿ ತಿಂಗಳ ಖರ್ಚಿನ ಪುಸ್ತಕವನ್ನು ಬರೆಯುವ ರೂಢಿಯಿದ್ದವರು ಅದನ್ನು ಬಿಡದಿರುವುದು ಮೇಲು.

ಇಷ್ಟೆಲ್ಲ ಲೆಕ್ಕವನ್ನು ಒಡೆಯನೇ ಓದಿಕೊಳ್ಳಬೇಕಾದರೆ ಅದು ಅವನ ನುಡಿಯಲ್ಲಿರಬೇಕು. ಕನ್ನಡವು ಯಂತ್ರವನ್ನು ಹೊಕ್ಕುದು ಸುಲಭವಾಗಿ ಅಲ್ಲ. ಮೊದಮೊದಲು ಒಂದೊಂದು ಅಕ್ಷರಶೈಲಿಯವರು ಒಂದೊಂದು ಗುಪ್ತ ಸಂಕೇತವನ್ನು ಇಟ್ಟುಕೊಂಡಿದ್ದರಾಗಿ, ಒಂದು ಯಂತ್ರದಲ್ಲಿ ಬರೆದ ಕನ್ನಡವು ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತಿದ್ದಿತು. ಕೆ. ಪಿ. ರಾವ್ ಅವರು ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮನೆಮನೆಗೆ ಹೋದುವು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಪಟ್ಟಿಯನ್ನು ಮಾಡಿದ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಳವಿದೆ. ಅದರಲ್ಲಿ ‘ಕ’ ಎಂಬುದರ ಸಂಖ್ಯೆ 3221. ಅಮೆರಿಕೆಯ ಯಂತ್ರವಾಗಲಿ ಚೀನದ ಯಂತ್ರವಾಗಲಿ ಈ ಸಂಖ್ಯೆಯನ್ನು ಕಂಡರೆ ‘ಕ’ ಎಂದೇ ಬರೆಯುವುದು. ಪಹಣಿಯು ಕನ್ನಡದಲ್ಲಿರುವುದರಿಂದಲೇ ರೈತನು ತಪ್ಪನ್ನು ಹಿಡಿಯಬಲ್ಲನು. ಬ್ಯಾಂಕಿನ ಸಂದೇಶವಾದರೋ ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರುವುದು. ಅದನ್ನು ಓದಿಸಿಕೊಳ್ಳಲು ಮುದುಕನು ದೂರವಾಣಿಯನ್ನು ಪಕ್ಕದವನ ಕೈಗೆ ಕೊಡುವನು. ಶಾನುಭೋಗನ ಪೆಟ್ಟಿಗೆಯು ಹೀಗೆ ಬೇರೊಂದು ಬಾಗಿಲಿನಿಂದ ತಿರುಗಿ ಬರುವುದು. ಮನೆಯ ಶಾಲೆಯ ಹುಡುಗಿಯೊಬ್ಬಳು ಸಂಜೆ ಅರ್ಧ ಗಂಟೆ ಅಜ್ಜ ಅಜ್ಜಿಯರ ಬಳಿ ಕುಳಿತು, ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಕಲಿಸಿಕೊಟ್ಟರೆ ಈ ಪರಾಧೀನತೆಯು ಬಹಳ ಮಟ್ಟಿಗೆ ನೀಗುವುದು.

ಕಳ್ಳರೂ ಈ ಪರಾಧೀನತೆಯನ್ನೇ ಕಾಯುತ್ತಿರುವರು. ಬ್ಯಾಂಕಿನವನೆಂದು, ಪೊಲೀಸಿನವನೆಂದು, ವಿದ್ಯುತ್ ಕಚೇರಿಯವನೆಂದು ಮಾತನಾಡಿ ಅವಸರಪಡಿಸುವುದು ಅವರ ಉಪಾಯ. ಇಲ್ಲಿ ಎರಡು ಸಂಗತಿಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಯುಪಿಐಯಲ್ಲಿ ಗುಪ್ತಸಂಖ್ಯೆಯನ್ನು ಒತ್ತುವುದು ಹಣವನ್ನು ಕೊಡುವುದಕ್ಕೆ. ತೆಗೆದುಕೊಳ್ಳುವುದಕ್ಕೆ ಅದು ಬೇಕಿಲ್ಲ. ಹಣ ಬರುವುದು, ಗುಪ್ತಸಂಖ್ಯೆಯನ್ನು ಒತ್ತಿರೆಂದು ಹೇಳುವವನು ಕಳ್ಳನೇ ಸರಿ. ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ, ದೂರವಾಣಿಯ ಮುಂದೆ ತಾಸುಗಟ್ಟಲೆ ಕೂರಿಸುವವರೂ ಉಂಟು. ಅಂತಹ ಬಂಧನವು ಭಾರತದ ಯಾವ ಕಾಯಿದೆಯಲ್ಲಿಯೂ ಇಲ್ಲ. ಮೋಸಹೋದವರು ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕೊರಗುವರು, ಅಷ್ಟರಲ್ಲಿ ಕಾಲವು ಮಿಂಚುವುದು. 1930 ಎಂಬ ಸಂಖ್ಯೆಗೆ ಕೂಡಲೆ ದೂರವಾಣಿ ಮಾಡಿದರೆ ಹಣವನ್ನು ನಡುದಾರಿಯ ಖಾತೆಯಲ್ಲಿಯೇ ತಡೆಹಿಡಿಯುವ ಪ್ರಯತ್ನವು ನಡೆಯುವುದು. ತಡವಾದಂತೆಲ್ಲ ಅದು ಖಾತೆಯಿಂದ ಖಾತೆಗೆ ಹಾರಿ, ಕಡೆಗೆ ಎಲ್ಲಿಯೋ ನಗದಾಗಿ ಯಾರ ಕೈಯನ್ನೋ ಸೇರಿಬಿಡುವುದು.