ನಮ್ಮ ನೀರಿನ ಲೆಕ್ಕ ನಮ್ಮ ಕೈಗೆ

ಯಾದಗಿರಿ, ಶಹಾಪುರ, ಸುರಪುರದ ಕೇರಿ, ತಾಂಡಾಗಳಿಂದ ಬಂದಿರುವ ಬಂಧುಗಳೇ,

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ನೀರು ಮುಟ್ಟುವ ಹಕ್ಕು ನಮಗೂ ಉಂಟೆಂದು ಅಂದೇ ಸಾರಿದ್ದಾಯಿತು. ಇವತ್ತು ನಾವು ಕೇಳಬೇಕಾದ್ದು ಇನ್ನೊಂದು ಪ್ರಶ್ನೆ. ಆ ನೀರಿನಾಗ ಏನದ? ಅದನ್ನ ತಿಳಕೊಳ್ಳೋ ಹಕ್ಕು ಯಾರದು?

ದೂರದ ಮಾತು ಬ್ಯಾಡ. ಸುರಪುರ ಸೀಮೆಯ ಮಂಗಳೂರು ಅಂದರೆ ಕಡಲ ಮಂಗಳೂರಲ್ಲ, ಹಳೆಯ ಚಿನ್ನದ ಗಣಿಯ ಮಂಗಳೂರು. ಅದರ ಹತ್ತಿರ ಕಿರದಳ್ಳಿ ತಾಂಡಾ. ಚಿನ್ನದ ಬಂಡೆಯ ಜೊತೆಗೆ ಎಷ್ಟೋ ಕಡೆ ಆರ್ಸೆನಿಕ್ ಎಂಬ ವಿಷವೂ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗೋದಿಲ್ಲ, ನೀರು ಆವಿಯಾಗಿ ಇನ್ನೂ ದಟ್ಟವಾಗುತ್ತದೆ.

ವಿಜ್ಞಾನಿಗಳು ಬಂದು ಈ ಸೀಮೆಯ 59 ಕೊಳವೆಬಾವಿಗಳ ನೀರು ಪರೀಕ್ಷಿಸಿದರು. ಲೀಟರಿಗೆ 10 ಮೈಕ್ರೋಗ್ರಾಂ ಮಿತಿ. ನೂರಕ್ಕೆ 79 ಮಾದರಿಗಳು ಅದನ್ನು ದಾಟಿದ್ದವು, ಒಂದರಲ್ಲಂತೂ 303 ಇತ್ತು. 181 ಜನರನ್ನು ನೋಡಿದರೆ ನೂರಕ್ಕೆ 58ಕ್ಕೂ ಹೆಚ್ಚು ಜನರ ಚರ್ಮದ ಮೇಲೆ ವಿಷದ ಗುರುತು. 171 ಜನ ಕೂದಲು, ಉಗುರು ಕೊಟ್ಟರು. ಎಲ್ಲದರಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ಈ ಲೆಕ್ಕ 2013ರಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಆ ವಿಜ್ಞಾನಿಗಳ ಕೆಲಸ ದೊಡ್ಡದು, ಇಲ್ಲ ಅನ್ನೋದಿಲ್ಲ. ಆದರೆ ಒಂದನ್ನು ಗಮನಿಸಿ. ಕೂದಲು ನಮ್ಮದು, ಉಗುರು ನಮ್ಮದು, ಕೊಡದ ನೀರು ನಮ್ಮದು. ಬ್ಯಾನಿ ಎಂದಿನಿಂದ ಸುರುವಾಯಿತು ಅಂತ ಹೇಳಿದವರೂ ಅಲ್ಲಿನ ಜನರೇ. ಆ ಮಾತೂ ಪುರಾವೆಯಾಯಿತು. ಹಾಗಿದ್ದ ಮೇಲೆ ನಾವು ಬರೀ ಮಾದರಿ ಕೊಡುವವರಾಗಿ ಯಾಕೆ ಉಳೀಬೇಕು?

ಪಕ್ಕದ ಆಂಧ್ರದಲ್ಲಿ 2003ರ ನಂತರ ಕೆಲವು ವರ್ಷ ಏಳು ಬರದ ಜಿಲ್ಲೆಗಳ ರೈತರು ತಾವೇ ಅಳತೆಗೆ ಇಳಿದರು. ನಮ್ಮ ಗಡಿಗೆ ತಾಗಿದ್ದ ಮಹಬೂಬನಗರವೂ ಅದರಲ್ಲಿತ್ತು. ಹೆಣ್ಣುಮಕ್ಕಳೂ ಸೇರಿ ಮಳೆ ಅಳೆದರು, ಹದಿನೈದು ದಿನಕ್ಕೊಮ್ಮೆ ಬಾವಿಯ ಮಟ್ಟ ನೋಡಿದರು, ಊರ ಗೋಡೆಗೆ ಬರೆದರು. ಹಿಂಗಾರಿಗೆ ಮೊದಲು ಇರೋ ನೀರಿನ ಲೆಕ್ಕ ಹಾಕಿ ಯಾವ ಬೆಳೆ ಅಂತ ಮಾತಾಡಿಕೊಂಡರು. ಬಾಂಗ್ಲಾದೇಶದಲ್ಲಿ ಸುಮಾರು 50 ಲಕ್ಷ ಕೊಳವೆಬಾವಿ ಪರೀಕ್ಷಿಸಿ ವಿಷದ್ದಕ್ಕೆ ಕೆಂಪು, ಒಳ್ಳೇದಕ್ಕೆ ಹಸಿರು ಬಳಿದರು. ಅಕ್ಷರ ಬಾರದ ತಾಯಿಯೂ ಅದನ್ನು ಓದಬಲ್ಲಳು. ಆದರೆ ಬಣ್ಣ ಮಾಸುತ್ತದೆ, ಹೊಸ ಬಾವಿ ಬೀಳುತ್ತವೆ, ಒಂದು ಬಾವಿಯಂಗ ಪಕ್ಕದ ಬಾವಿ ಇರೋದಿಲ್ಲ. ವಿಜ್ಞಾನಿ ಬಂದು ಹೋಗುವವನು, ದಿನಾ ಅಲ್ಲಿರುವವರು ನಾವು. ಅದಕ್ಕೇ ಈ ಕೆಲಸ ನಮ್ಮನ್ನು ಬಿಟ್ಟು ನಡೆಯೋದಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಮಾದರಿ ಒಯ್ಯುವವರು ಯಾಕೆ ಅಂತ ಮೊದಲು ಹೇಳಲಿ. ಫಲಿತಾಂಶವನ್ನು ಕನ್ನಡದಲ್ಲಿ, ತಾಂಡಾದಲ್ಲಿ ಲಂಬಾಣಿ ಮಾತಿನಲ್ಲಿ, ಕೂತು ತಿಳಿಸಲಿ. ಪ್ರತಿ ಬೋರಿನ ಅಂಕಿ ಅದರ ಕಟ್ಟೆ ಮೇಲೆ ಬರೀಲಿ. ನಮ್ಮ ಹುಡುಗ ಹುಡುಗಿಯರಿಗೆ ಪರೀಕ್ಷೆಯ ಪೆಟ್ಟಿಗೆ ಕೊಟ್ಟು ಕಲಿಸಲಿ, ಅವರ ಅಂಕಿಯನ್ನು ಪ್ರಯೋಗಾಲಯ ಆಗಾಗ ತಾಳೆ ನೋಡಲಿ. ಸಮಿತಿ ಮಾಡಿದರೆ ಅದರಲ್ಲಿ ಗೌಡರ ಮಗನೊಬ್ಬನೇ ಬ್ಯಾಡ, ಕೊಡ ಹೊರುವ ಹೆಣ್ಣುಮಕ್ಕಳು ಇರಲಿ.

ಕೊನೆಗೊಂದು ಮಾತು. ನಾಳೆ ಕೇರಿಯ ಬೋರಿಗೆ ಕೆಂಪು ಬಳಿದು, ಹಸಿರು ಬೋರು ಮೇಲಿನ ಓಣಿಯಾಗ ಇದ್ದರೆ? ನಮ್ಮ ಕೊಡಕ್ಕೆ ಅಲ್ಲಿ ಜಾಗ ಉಂಟಾ? ಇದಕ್ಕೆ ಉತ್ತರ ಪರೀಕ್ಷೆಯ ಪೆಟ್ಟಿಗೆಯಲ್ಲಿಲ್ಲ. ಅಂಕಿ ಕೈಯಲ್ಲಿ ಹಿಡಿದು, ಕೊಡ ತಲೆಯ ಮೇಲಿಟ್ಟು, ನಾವೇ ಆ ಓಣಿಗೆ ಹೋಗಬೇಕಾಗುತ್ತದೆ.