ನೋವಿನ ನಡುವೆ ಒಂದು ಕಿಂಡಿ

ನೋವಿಗೆ ಒಂದು ಸ್ವಭಾವವುಂಟು. ಅದು ಮನುಷ್ಯನ ದೃಷ್ಟಿಯನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ನನ್ನ ಸೊಂಟದ ನೋವು ಮೂರು ವರ್ಷ ಉಳಿಯಿತು. ಆ ಅವಧಿಯಲ್ಲಿ ನನ್ನ ಲೋಕವೆಂದರೆ ಬಂಟ್ವಾಳದ ಮನೆಯ ಒಂದು ಮಂಚ, ಬಿಸಿನೀರಿನ ಚೀಲ, ಮಾತ್ರೆ ನುಂಗುವ ಹೊತ್ತುಗಳು, ಇಷ್ಟೇ. ಬಂದವರೊಡನೆ ಆಡಲು ನನ್ನಲ್ಲಿ ಬೇರೆ ಮಾತೇ ಉಳಿದಿರಲಿಲ್ಲ.

ಹರೆಯದಲ್ಲಿ ನನಗೆ ಛಾಯಾಚಿತ್ರದ ಹುಚ್ಚಿತ್ತು. 36 ಚಿತ್ರಗಳ ಒಂದು ಸುರುಳಿಯನ್ನು ತಿಂಗಳೆಲ್ಲ ಜತನದಿಂದ ಬಳಸುತ್ತಿದ್ದೆ. ನೋವು ಬಂದ ಮೇಲೆ ಭಾರದ ಆ ಕ್ಯಾಮೆರಾ ಕಪಾಟು ಸೇರಿತು. ದಿನಕ್ಕೆ ಹತ್ತು ನಿಮಿಷವಾದರೂ ನಡೆಯಬೇಕೆಂದು ವೈದ್ಯರು ಹೇಳಿದಾಗ, ಮಗಳು ತನ್ನ ಅಂಗೈಯಗಲದ ಡಿಜಿಟಲ್ ಕ್ಯಾಮೆರಾವನ್ನು ನನ್ನ ಕೈಗಿತ್ತು, "ಒಬ್ಬರೇ ನಡೆಯಲು ಬೇಸರ ಅಪ್ಪಾ, ಇದು ಜೊತೆಗಿರಲಿ" ಎಂದಳು.

ಮೊದಲ ದಿನ ನೇತ್ರಾವತಿಯ ದಡದವರೆಗೂ ಹೋಗಲಾಗಲಿಲ್ಲ. ನೆರೆಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದಿತ್ತು. ಆ ನೆರಳು ಇನ್ನಷ್ಟು ಸರಿಯಲೆಂದು ಕಾದೆ. ಚಿತ್ರ ತೆಗೆದ ಮೇಲೆ ಹೊಳೆಯಿತು: ಅಷ್ಟು ಹೊತ್ತು ಸೊಂಟದ ನೆನಪೇ ಬಂದಿರಲಿಲ್ಲ!

ಇದು ಪವಾಡವೇನಲ್ಲ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ನೋವಿನ ಸುದ್ದಿ ಮಿದುಳನ್ನು ಮುಟ್ಟುವ ಮೊದಲು ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು. ಆ ಬಾಗಿಲನ್ನು ಕೊಂಚ ತೆರೆಯಲು, ಕೊಂಚ ಮುಚ್ಚಲು ಮಿದುಳಿಗೂ ಅಧಿಕಾರವಿದೆ ಎಂದರು. ಅವರ ವಿವರಗಳಲ್ಲಿ ಕೆಲವು ಮುಂದೆ ತಿದ್ದುಪಡಿಗೊಂಡವು. ಆದರೆ ಮನಸ್ಸಿನ ಗಮನ ಎತ್ತ ಹರಿಯುತ್ತದೆಂಬುದು ನೋವಿನ ಅನುಭವವನ್ನು ಬದಲಿಸುತ್ತದೆಂಬ ಮಾತು ಉಳಿದುಕೊಂಡಿದೆ.

ಅಮೆರಿಕದ ಛಾಯಾಗ್ರಾಹಕ ಯೂಜಿನ್ ಸ್ಮಿತ್ 1945ರಲ್ಲಿ ಒಕಿನಾವಾದ ಯುದ್ಧಭೂಮಿಯಲ್ಲಿ ತೀವ್ರವಾಗಿ ಗಾಯಗೊಂಡ. ಹಲವು ಶಸ್ತ್ರಚಿಕಿತ್ಸೆಗಳ ನಡುವೆ, 1946ರಲ್ಲಿ ಮತ್ತೆ ಕ್ಯಾಮೆರಾ ಹಿಡಿದಾಗ, ಫಿಲ್ಮನ್ನು ಒಳಗೆ ಹಾಕುವುದೇ ಆತನಿಗೆ ದುಸ್ಸಾಧ್ಯವಾಗಿತ್ತು. ಅಂದು ತೆಗೆದದ್ದು ತನ್ನ ಇಬ್ಬರು ಮಕ್ಕಳು ಮರಗಳ ಕತ್ತಲಿನಿಂದ ಬೆಳಕಿನತ್ತ ನಡೆಯುವ ಚಿತ್ರ. ಜಗತ್ತು ಅದನ್ನು ಇಂದಿಗೂ ನೆನೆಯುತ್ತದೆ. ಅಂಥ ಪ್ರತಿಭೆ ನನ್ನದಲ್ಲ. ಆದರೆ ನಡುಗುವ ಆ ಕೈಯ ಪರಿಚಯ ನನಗುಂಟು.

ಕೇಳುಗರೇ, ಬೆಳ್ತಂಗಡಿಯ ಗಡಾಯಿಕಲ್ಲನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 1794ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಜಮಲಾಬಾದ್ ಕೋಟೆ ಅದರ ನೆತ್ತಿಯ ಮೇಲಿದೆ. ಸುಮಾರು 1,800 ಮೆಟ್ಟಿಲುಗಳನ್ನು ನಾನು ಹಿಂದೆ ಎರಡು ಬಾರಿ ಏರಿದ್ದೆ. ಇನ್ನು ಏರಲಾರೆನೆಂದು ತಿಳಿದ ಮೇಲೆ ಬಸ್ಸಿನಲ್ಲಿ ಹೋಗುವಾಗ ಅತ್ತ ಮುಖ ತಿರುಗಿಸುತ್ತಲೂ ಇರಲಿಲ್ಲ. ಈಗ ಕೆಳಗಿನ ಗದ್ದೆಯ ಬದುವಿನಲ್ಲಿ ಕುಳಿತು ಅದರ ಚಿತ್ರ ತೆಗೆಯುತ್ತೇನೆ: ಮಂಜಿನಲ್ಲಿ ಅರ್ಧ ಮುಳುಗಿದ ಕಲ್ಲು, ಮಳೆ ತೊಳೆದ ಕರಿಯ ಕಲ್ಲು, ಸಂಜೆಯ ತಾಮ್ರವರ್ಣದ ಕಲ್ಲು. ಹಳೆಯ ಆಲ್ಬಮ್ ತೆರೆದು ನೋಡಿದೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ದೂರದ ಘಟ್ಟಗಳಿವೆ, ಕಾಡಿದೆ. ಗಡಾಯಿಕಲ್ಲು ಮಾತ್ರ ಇಲ್ಲ!

ನೋವು ಪೂರ್ತಿ ಹೋಗಿಲ್ಲ. ವ್ಯಾಯಾಮವನ್ನು ಬಿಟ್ಟಿಲ್ಲ, ಔಷಧಿಯನ್ನೂ ಬಿಟ್ಟಿಲ್ಲ. ಕ್ಯಾಮೆರಾ ಅವುಗಳ ಸ್ಥಾನದಲ್ಲಿ ನಿಲ್ಲುವ ವಸ್ತುವಲ್ಲ. ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಸೊಂಟ ಎಚ್ಚರಿಸುತ್ತದೆ. ಆ ಮಿತಿಯೊಳಗೆ ಕೆಲಸ ಮಾಡುವುದನ್ನು ನಾನು ಕಲಿತದ್ದು ಮೂಡಬಿದಿರೆಯಲ್ಲಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೇಳುತ್ತಾರೆ. ಹಿಂದೆ ಅಂಗಳದಲ್ಲಿ ನಿಂತು ಇಡೀ ಬಸದಿಯನ್ನು ಒಂದೇ ಚಿತ್ರದಲ್ಲಿ ಹಿಡಿದು ಹೊರಟುಬಿಡುತ್ತಿದ್ದೆ. ಈಗ ಒಂದು ಭೇಟಿಗೆ ಒಂದೇ ಕಂಬ. ಕುಳಿತು ಬಿಸಿಲು ವಾಲುವುದನ್ನು ಕಾಯುತ್ತೇನೆ. ಶಿಲ್ಪಿಯ ಉಳಿ ನಡೆದ ದಾರಿ ಓರೆಬಿಸಿಲಿನಲ್ಲಿ ನಿಧಾನವಾಗಿ ಎದ್ದು ಬರುತ್ತದೆ.

ಈವರೆಗೆ 14 ಕಂಬಗಳಾಗಿವೆ. ಮುಂದಿನ ವಾರ, ಸೊಂಟ ಒಪ್ಪಿದರೆ, ಹದಿನೈದನೆಯದು.