ಪರಂಗಿಕಾಯಿಯ ಹಾಲು



ಬಲಿತ ಕುರಿಮಾಂಸ ಬೇಗ ಬೇಯಲೆಂದು ಸಾರಿಗೆ ಎರಡು ಹೋಳು ಹಸಿ ಪರಂಗಿಕಾಯಿ ಹಾಕುತ್ತೀರಲ್ಲವೇ? ಮಾಂಸವನ್ನು ಮೆತ್ತಗಾಗಿಸುವುದು ಆ ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ. ಇದರಿಂದಲೇ 1959ರಲ್ಲಿ ಇಂಗ್ಲೆಂಡಿನ ರಾಡ್ನಿ ಪೋರ್ಟರ್ ಎಂಬ ವಿಜ್ಞಾನಿ ರಕ್ತದಲ್ಲಿನ ರೋಗನಿರೋಧಕ ಪ್ರೋಟೀನನ್ನು ಮೂರು ತುಂಡು ಮಾಡಿ ಅದರ ಗುಟ್ಟು ತಿಳಿದರು. 1972ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಬಂತು. ಈಗ ಪ್ರಯೋಗಾಲಯದ ಕೆಲಸಕ್ಕೆ ಪರಂಗಿಯ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿಯೂ ಪಪೇನ್ ಮಾಡುತ್ತಾರೆ. ಆದರೆ ಕಾರ್ಖಾನೆಗಳಿಗೆ ಚೀಲಗಟ್ಟಲೆ ಬೇಕಾದದ್ದು ಬಹುಪಾಲು ತೋಟದ ಕಾಯಿಯ ಹಾಲಿನಿಂದಲೇ ಬರಬೇಕು.

ಕಾಯಿ ಕಟ್ಟಿ ಎರಡೂವರೆ, ಮೂರು ತಿಂಗಳಾಗಿರಲಿ. ಗಿಡದಲ್ಲಿರುವಾಗಲೇ, ಬೆಳಗ್ಗೆ ಹತ್ತರೊಳಗೆ, ತೊಟ್ಟಿನಿಂದ ತುದಿಗೆ ನಾಲ್ಕು ಗೀರು ಎಳೆಯಿರಿ. ಆಳ 2-3 ಮಿಲಿಮೀಟರ್ ಸಾಕು. ಮೂರು ನಾಲ್ಕು ದಿನ ಬಿಟ್ಟು, ಹಳೆಯ ಗೀರುಗಳ ನಡುವೆ ಮತ್ತೆ ಗೀರಿ. ಕಬ್ಬಿಣ ಮಾತ್ರ ಬೇಡವೇ ಬೇಡ. ನಾನೇ ಮೊದಲ ಸಲ ಮನೆಯ ಕುಡುಗೋಲಿನಿಂದ ಗೀರಿದೆ. ಹಾಲು ಕಪ್ಪಿಟ್ಟಿತು, ಕೊಳ್ಳುವವನು ಮೂಸಿಯೂ ನೋಡಲಿಲ್ಲ! ತುಕ್ಕು ಹಿಡಿಯದ ಬ್ಲೇಡು, ಗಾಜಿನ ಪಾತ್ರೆ ಇರಲಿ. ಹಾಲು ತಗುಲಿದರೆ ಚರ್ಮ ಉರಿಯುತ್ತೆ. ಕೈಗವಸು ಹಾಕಿಕೊಳ್ಳಿ, ಕಣ್ಣು ಜೋಪಾನ.

ಹಾಲನ್ನು ಅಂದಂದೇ 50-55 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಣಗಿಸಿ. ಅತಿಯಾಗಿ ಕಾದರೆ ಕಿಣ್ವ ಸತ್ತಹಾಗೆಯೇ. ಪುಡಿ ಕಾಣಲು ಚೆನ್ನ, ಕೆಲಸ ಮಾಡೋಲ್ಲ. ಕೊಳ್ಳುವವರು ತೂಕವೊಂದನ್ನೇ ನೋಡುವುದಿಲ್ಲ, ಈ ಶಕ್ತಿಯನ್ನೂ ಪರೀಕ್ಷಿಸುತ್ತಾರೆ.

ಗೀರಿದ ಕಾಯಿ ಹಣ್ಣಾಗುತ್ತೆ, ತಿನ್ನಲೂಬಹುದು. ಆದರೆ ಸಿಪ್ಪೆಯ ಮೇಲಿನ ಗಾಯ ಕಂಡು ಸಂತೆಯಲ್ಲಿ ದರ ಇಳಿಸುತ್ತಾರೆ. ಆದ್ದರಿಂದ ಪುಡಿ ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಬ್ಲೇಡು ಹಿಡಿಯಿರಿ.